ಪರಿಚಯ ಬೇರೆ, ವಶೀಲಿ ಬೇರೆ

"ಇಂಟರ್ನ್‌ಶಿಪ್ ಬೇಕಾ? ನೆಟ್‌ವರ್ಕಿಂಗ್ ಮಾಡು" ಅಂತ ಸೀನಿಯರ್ ಒಬ್ಬರು ಹೇಳಿದಾಗ ನನಗೆ ನೆನಪಾಗಿದ್ದು ವಶೀಲಿ. ನಮ್ಮ ಮನೆಯಲ್ಲಿ ಇಂಜಿನಿಯರಿಂಗ್ ಓದ್ತಿರೋದು ನಾನೇ ಮೊದಲು. 'ನಮಗೆ ಯಾರು ಗೊತ್ತಿದಾರೆ?' ಅಂತ ಸುಮ್ಮನಾಗಿಬಿಟ್ಟೆ. ಆ ಯೋಚನೆ ತಪ್ಪು ಅಂತ ಗೊತ್ತಾಗಿದ್ದು ಒಂದು ಹಳೆಯ ಅಧ್ಯಯನದಿಂದ.

ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಒಂದು ಪ್ರಬಂಧ ಬರೆದರು. ಬಾಸ್ಟನ್ ಹತ್ತಿರ, ಪರಿಚಯದವರ ಮೂಲಕ ಹೊಸ ಕೆಲಸ ಸಿಕ್ಕಿದ್ದವರನ್ನು ಅವರು ಕೇಳಿದ್ದು ಇಷ್ಟೇ: ಆ ಪರಿಚಯದವರನ್ನು ಆಗ ಎಷ್ಟು ಸಲ ನೋಡ್ತಿದ್ರಿ? ವಾರಕ್ಕೆ ಎರಡು ಸಲವಾದರೂ ಅಂದವರು ಸುಮಾರು 17%. ಆಗೊಮ್ಮೆ ಈಗೊಮ್ಮೆ ಅಂದವರು ಸುಮಾರು 56%. ವರ್ಷಕ್ಕೊಮ್ಮೆ ಅಥವಾ ಅದಕ್ಕಿಂತ ಕಡಿಮೆ ಅಂದವರು ಸುಮಾರು 28%.

ಕಾರಣ ಸರಳ. ರೂಮ್‌ಮೇಟ್‌ಗೆ ಗೊತ್ತಿರೋದೆಲ್ಲ ನಮಗೂ ಗೊತ್ತಿರುತ್ತೆ, ಇಬ್ಬರೂ ಇರೋದು ಅದೇ ವಾಟ್ಸಾಪ್ ಗ್ರೂಪ್‌ಗಳಲ್ಲಿ. ಹೊಸ ಸುದ್ದಿ ಬರೋದು ಬೇರೆ ವಲಯದಲ್ಲಿರೋ ದೂರದ ಪರಿಚಯದವರಿಂದ. ಹಾಗಂತ ತೀರಾ ದೂರದವರೂ ಅಲ್ಲ: ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರ ಮೇಲೆ ನಡೆದ, 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಮಧ್ಯಮ ಪರಿಚಯಗಳು.

ಈಗ ಪ್ರಾಕ್ಟಿಕಲ್. "ಸರ್, ಇಂಟರ್ನ್‌ಶಿಪ್ ಇದ್ರೆ ಹೇಳಿ" ಅಂತ ನಾನು ಆರು ಜನಕ್ಕೆ ಒಂದೇ ಮೆಸೇಜ್ ಕಳಿಸಿದ್ದೆ. ಒಬ್ಬರೂ ಉತ್ತರಿಸಲಿಲ್ಲ. ಆಮೇಲೆ ರಾಜ್ಯೋತ್ಸವದ ದಿನ ಸ್ಟೇಜ್ ಹಿಂದೆ ಪರಿಚಯವಾಗಿದ್ದ, ಈಗ ಕೆಲಸದಲ್ಲಿರೋ ಅಕ್ಕ ಒಬ್ಬರಿಗೆ ಹೀಗೆ ಬರೆದೆ:

"ಅಕ್ಕ, ರಾಜ್ಯೋತ್ಸವದಲ್ಲಿ ಮೈಕ್ ನೋಡ್ಕೋತಿದ್ದವನು ನಾನೇ. ಹಾಸ್ಟೆಲ್ ಮೆಸ್ ಲೆಕ್ಕಕ್ಕೆ ಚಿಕ್ಕ ವೆಬ್‌ಸೈಟ್ ಮಾಡಿದೀನಿ. ನಿಮ್ಮ ಟೀಮಿಗೆ ಬರೋ ಇಂಟರ್ನ್‌ಗಳಿಗೆ ಮೊದಲು ಏನು ಗೊತ್ತಿರಬೇಕು? ಬಿಡುವಿದ್ದಾಗ ಹೇಳಿ."

ನಾನು ಯಾರು, ಏನು ಮಾಡಿದೀನಿ, ಒಂದೇ ಪ್ರಶ್ನೆ. ಅಷ್ಟೇ. ಆ ಭಾನುವಾರ ಅವರೇ ಫೋನ್ ಮಾಡಿ ಇಪ್ಪತ್ತು ನಿಮಿಷ ಮಾತಾಡಿದ್ರು. ನನ್ನ ಕೋಡ್ ನೋಡಿ, ಡೇಟಾಬೇಸ್ ಭಾಗ ತುಂಬಾ ವೀಕ್ ಅಂತ ನೇರವಾಗಿ ಹೇಳಿದ್ರು. ಇಂಟರ್ನ್‌ಶಿಪ್ ಇನ್ನೂ ಸಿಕ್ಕಿಲ್ಲ. ಆದ್ರೆ ಏನು ಕಲೀಬೇಕು, ಯಾವ ತಿಂಗಳಲ್ಲಿ ಅರ್ಜಿ ಹಾಕ್ಬೇಕು ಅಂತ ಗೊತ್ತಾಯ್ತು.

ವಶೀಲಿ ಅಂದ್ರೆ ಯೋಗ್ಯತೆ ನೋಡದೆ ಕೆಲಸ ಕೊಡಿಸೋದು. ಇಲ್ಲಿ ಸಿಗೋದು ಮಾಹಿತಿ, ಹೆಚ್ಚೆಂದ್ರೆ ಒಂದು ರೆಫರಲ್. ಇಂಟರ್‌ವ್ಯೂನಲ್ಲಿ ಕೂರೋದು ನಾವೇ. ಮನೆಯಲ್ಲಿ ಇಂಜಿನಿಯರ್‌ಗಳಿರೋರಿಗೆ ಈ ಮಾಹಿತಿ ಊಟದ ಹೊತ್ತಲ್ಲೇ ಸಿಗುತ್ತೆ, ಉಳಿದವರು ಕೇಳಿಯೇ ತಿಳ್ಕೋಬೇಕು.

ಈ ವಾರ ಹತ್ತು ಹೆಸರು ಬರೀರಿ: ಪಿಯು ಗೆಳೆಯರ ಅಣ್ಣ-ಅಕ್ಕಂದಿರು, ಲ್ಯಾಬ್ ಸೀನಿಯರ್‌ಗಳು, ಫೆಸ್ಟ್‌ನಲ್ಲಿ ಸಿಕ್ಕವರು. ಒಬ್ಬರಿಗೆ ಮೆಸೇಜ್ ಮಾಡಿ. ಅವರು ಹೇಳಿದ್ದನ್ನ ಮಾಡಿ ನೋಡಿ, ಏನಾಯ್ತು ಅಂತ ತಿಳಿಸೋದನ್ನ ಮಾತ್ರ ಮರೀಬೇಡಿ.