ಸಸಿ ನೆಡುವ ಮೊದಲು ಪಹಣಿ ನೋಡಿ

ಹೋದ ವರ್ಷ ಜೂನ್‌ನಲ್ಲಿ ನಾವು ಆರು ಜನ ಹಂದನಕೆರೆಗೆ ಹೋಗಿದ್ವಿ. ನಮ್ಮ ಗುಂಪಿನ ಒಬ್ಬನ ಊರು ಅದು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹೋಬಳಿ ಕೇಂದ್ರ, ಎತ್ತ ನೋಡಿದ್ರೂ ತೆಂಗಿನ ತೋಟ. ಊರ ಹೊರಗಿನ ರಸ್ತೆ ಪಕ್ಕ ನಲವತ್ತು ಹೊಂಗೆ, ಬೇವಿನ ಸಸಿ ನೆಟ್ಟು, ಫೋಟೋ ತೆಗೆಸಿಕೊಂಡು ಖುಷಿಯಾಗಿ ವಾಪಸ್ ಬಂದ್ವಿ. ಡಿಸೆಂಬರ್‌ನಲ್ಲಿ ಹೋಗಿ ನೋಡಿದ್ರೆ ಚರಂಡಿ ತೋಡೋಕೆ ಬಂದ ಜೆಸಿಬಿ ಅಷ್ಟೂ ಸಸಿಗಳನ್ನ ಕಿತ್ತು ಹಾಕಿತ್ತು. ದೂರು ಕೊಡೋಣ ಅಂತ ಹೊರಟ್ವಿ. ಗೆಳೆಯನ ತಾತ ಕೇಳಿದ್ದು ಎರಡೇ ಮಾತು: "ಯಾರ್ ಜಾಗದಲ್ಲಿ ನೆಟ್ರಪ್ಪ? ಯಾರ್ನ ಕೇಳಿ ನೆಟ್ರಿ?"

ನಮ್ಮ ಹತ್ರ ಉತ್ತರ ಇರಲಿಲ್ಲ. ಅದನ್ನ ಹುಡುಕ್ತಾ ಕಲಿತ ಪಾಠ ಇದು.

ಮೊದಲು ಸರ್ವೆ ನಂಬರ್

ಖಾಲಿ ಕಾಣುವ ಜಾಗ ಯಾರದೂ ಅಲ್ಲ ಅಂದುಕೊಂಡಿದ್ದೇ ನಮ್ಮ ತಪ್ಪು. ಸರ್ವೆ ಇಲಾಖೆಯ 'ದಿಶಾಂಕ್' ಆ್ಯಪ್ ತೆರೆದರೆ ನಾವು ನಿಂತಿರುವ ಜಾಗದ ಸರ್ವೆ ನಂಬರ್ ಸಿಗುತ್ತೆ. ಆ ನಂಬರ್ ಹಾಕಿ 'ಭೂಮಿ'ಯಲ್ಲಿ ಪಹಣಿ ನೋಡಬಹುದು. ಅದರಲ್ಲಿ ಮಾಲೀಕರ ಹೆಸರಿನ ಜೊತೆ ಖರಾಬು ಎಷ್ಟು ಅಂತಲೂ ಇರುತ್ತೆ. 'ಬಿ ಖರಾಬು' ಅಂದ್ರೆ ದಾರಿ, ಹಳ್ಳ, ಕೆರೆ ಇಂಥ ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ. ಪಕ್ಕದ ತೋಟದವರು ಅದಕ್ಕೆ ಬೇಲಿ ಹಾಕಿಕೊಂಡಿದ್ರೂ ಅವರ ಒಪ್ಪಿಗೆ ಮಾತ್ರ ಸಾಲದು. ಮೊಬೈಲ್ ತೋರಿಸುವ ಗಡಿ ಸ್ವಲ್ಪ ಆಚೀಚೆ ಆಗಬಹುದು, ಆದ್ದರಿಂದ ಕೊನೆಗೆ ಗ್ರಾಮ ಆಡಳಿತ ಅಧಿಕಾರಿಯನ್ನ ಕೇಳಿಯೇ ಮುಂದುವರಿಯಿರಿ.

ರಸ್ತೆ ಬದಿ

ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯರಸ್ತೆ ಆದರೆ ಲೋಕೋಪಯೋಗಿ ಇಲಾಖೆ. ಹಳ್ಳಿಯಿಂದ ಹಳ್ಳಿಗೆ ಹೋಗುವ ರಸ್ತೆ ಆದರೆ ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗ. ಊರೊಳಗಿನ ಬೀದಿ ಆದರೆ ಗ್ರಾಮ ಪಂಚಾಯಿತಿ. ರಸ್ತೆ ಮುಂದೆ ಎಷ್ಟು ಅಗಲ ಆಗುತ್ತೆ, ಚರಂಡಿ ಎಲ್ಲಿ ಬರುತ್ತೆ ಅಂತ ಕೇಳಿ ಅದರಾಚೆ ಗುಂಡಿ ತೆಗೆಯಬೇಕು. ಕರೆಂಟ್ ತಂತಿಯ ಕೆಳಗೆ ಮಾತ್ರ ಬೇಡ.

ಇದೇ ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿದ ಸಾಲುಮರದ ತಿಮ್ಮಕ್ಕ ಹುಲಿಕಲ್–ಕುದೂರು ರಸ್ತೆಯಲ್ಲಿ 385 ಆಲದ ಮರ ಬೆಳೆಸಿದ್ರು. 2019ರಲ್ಲಿ ರಸ್ತೆ ಅಗಲೀಕರಣದ ಮಾತು ಬಂದಾಗ ಆ ಮರ ಉಳಿಸಿಕೊಳ್ಳೋಕೆ ಅವರೇ ಮುಖ್ಯಮಂತ್ರಿಗೆ ಮನವಿ ಮಾಡಬೇಕಾಯ್ತು. ಪದ್ಮಶ್ರೀ ಪಡೆದವರ ಮರಕ್ಕೇ ಹೀಗಾದ್ರೆ ನಮ್ಮ ನಲವತ್ತು ಸಸಿಗೆ ಯಾರು ಗತಿ?

ಕೆರೆ ಮತ್ತು ಗೋಮಾಳ

ಕೆರೆ ಏರಿ ಮೇಲೆ ಮರ ನೆಡಬೇಡಿ. ಮರ ಸತ್ತು ಬೇರು ಕೊಳೆತಾಗ ಮಣ್ಣಿನೊಳಗೆ ಕೊಳವೆಯಂಥ ದಾರಿ ಉಳಿಯುತ್ತೆ. ಅದರಲ್ಲಿ ನೀರು ಹರಿದು ಮಣ್ಣು ಕೊಚ್ಚಿಕೊಂಡು ಹೋಗುತ್ತೆ. ಸಿವಿಲ್‌ನವರು 'ಪೈಪಿಂಗ್' ಅನ್ನೋದು ಇದನ್ನೇ. ಕೆರೆಯ ಸುತ್ತಲಿನ ಜಾಗದಲ್ಲಿ ನೆಡಬೇಕಂದ್ರೂ ಒಪ್ಪಿಗೆ ಬೇಕು. ಅಚ್ಚುಕಟ್ಟು 40 ಹೆಕ್ಟೇರ್‌ಗಿಂತ ಕಡಿಮೆ ಇರುವ ಕೆರೆಗಳು ಪಂಚಾಯತ್ ವ್ಯವಸ್ಥೆಗೆ ಸೇರುತ್ತವೆ, ಅದಕ್ಕಿಂತ ದೊಡ್ಡವು ಸಣ್ಣ ನೀರಾವರಿ ಇಲಾಖೆಗೆ.

ಗೋಮಾಳ ನೋಡಿದ್ರೆ ಗುದ್ದಲಿ ಎತ್ತಬೇಕು ಅನ್ಸುತ್ತೆ. ಆದ್ರೆ ಅದು ದನಕ್ಕೆ ಅಂತಲೇ ಬಿಟ್ಟ ಜಾಗ. 100 ರಾಸಿಗೆ 30 ಎಕರೆ ಅಂತ 1966ರ ಭೂಕಂದಾಯ ನಿಯಮವೇ ಹೇಳುತ್ತೆ. ಹುಲ್ಲುಗಾವಲು ಅಂದ್ರೆ ಬರಡು ಅಲ್ಲ. ಮಧುಗಿರಿ ತಾಲ್ಲೂಕಿನ ಜಯಮಂಗಲಿ ಕೃಷ್ಣಮೃಗ ಮೀಸಲು ಪ್ರದೇಶದ ಜಿಂಕೆಗಳು ಬದುಕಿರೋದೇ ಬಯಲು ಹುಲ್ಲಿನ ಮೇಲೆ. ಕುರಿ, ದನ ಮೇಯಿಸುವವರನ್ನ ಕೇಳದೆ ಅಲ್ಲಿ ನೆಟ್ಟರೆ ಸಸಿಯೂ ಉಳಿಯಲ್ಲ, ಊರವರ ವಿಶ್ವಾಸವೂ ಉಳಿಯಲ್ಲ.

ಶಾಲೆ ಮತ್ತು ತೋಟದ ಬದು

ನಮಗೆ ಕೈಗೂಡಿದ್ದು ಇವೆರಡೇ. ಸರ್ಕಾರಿ ಶಾಲೆಯಲ್ಲಿ ಮುಖ್ಯಶಿಕ್ಷಕರು ಮತ್ತು ಎಸ್‌ಡಿಎಂಸಿ ಒಪ್ಪಿದ್ರೆ ಸಾಕು. ಕಾಂಪೌಂಡ್ ಇರುತ್ತೆ, ನೀರಿರುತ್ತೆ, ಮಕ್ಕಳಿರ್ತಾರೆ.

ತೋಟದ ವಿಷಯದಲ್ಲಿ ತಾತನಿಗೆ ಒಂದು ಅಳುಕಿತ್ತು. ತೆಂಗು ಕಡಿಯೋಕೆ ಯಾರನ್ನೂ ಕೇಳಬೇಕಿಲ್ಲ, ಬೇರೆ ಮರ ಬೆಳೆಸಿದ್ರೆ ಮುಂದೆ ಅರಣ್ಯ ಇಲಾಖೆಗೆ ಅಲೆಯಬೇಕಲ್ಲ? ಅಳುಕು ಸುಳ್ಳಲ್ಲ. 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ತೆಂಗು, ಸಿಲ್ವರ್ ಓಕ್, ಗ್ಲಿರಿಸಿಡಿಯಾದಂಥ ಕೆಲವಕ್ಕೆ ವಿನಾಯಿತಿ ಇದೆ, ಮಿಕ್ಕ ಹಲವಕ್ಕೆ ಅನುಮತಿ ಬೇಕು. ಆದ್ರೆ ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ನೋಂದಾಯಿಸಿದ್ರೆ ನರ್ಸರಿಯಲ್ಲಿ ಕಡಿಮೆ ಬೆಲೆಗೆ ಸಸಿ ಸಿಗುತ್ತೆ, ಬದುಕಿದ ಪ್ರತಿ ಸಸಿಗೆ ಮೂರು ವರ್ಷದಲ್ಲಿ ಒಟ್ಟು 125 ರೂಪಾಯಿ ಬರುತ್ತೆ. ದುಡ್ಡಿಗಿಂತ ಮುಖ್ಯವಾಗಿ, ಮರ ಯಾರದು ಅನ್ನೋದು ದಾಖಲೆಗೆ ಸೇರುತ್ತೆ. ಬದುವಿನಲ್ಲಿ ನೆಡುವಾಗ ಪಕ್ಕದ ತೋಟದವರನ್ನೂ ಕೇಳಿ. ನೆರಳು ಬಿದ್ದು ಅವರ ತೆಂಗಿನ ಫಸಲು ಇಳಿದ್ರೆ ಜಗಳ ಗ್ಯಾರಂಟಿ.

ಒಂದು ಹಾಳೆಯ ಅರ್ಜಿ

ಅರ್ಜಿಯಲ್ಲಿ ಸರ್ವೆ ನಂಬರ್, ಕೈಯಲ್ಲಿ ಬರೆದ ನಕ್ಷೆ, ಯಾವ ಜಾತಿ, ಎಷ್ಟು ಸಸಿ, ಬೇಸಿಗೆಯಲ್ಲಿ ನೀರು ಹಾಕುವವರು ಯಾರು, ಇಷ್ಟಿರಲಿ. ಕೊಟ್ಟ ಮೇಲೆ ಸೀಲು ಹಾಕಿದ ಸ್ವೀಕೃತಿ ಪ್ರತಿ ತಗೊಳ್ಳಿ. ಒಪ್ಪಿಗೆಯೂ ಬರವಣಿಗೆಯಲ್ಲೇ ಇರಲಿ.

ಈ ಜೂನ್‌ನಲ್ಲಿ ನಾವು ನೆಟ್ಟಿದ್ದು ಹದಿನೆಂಟು ಸಸಿ: ಶಾಲೆಯಲ್ಲಿ ಆರು ನೇರಳೆ, ತಾತನ ಬದುವಿನಲ್ಲಿ ಹನ್ನೆರಡು ಹೊಂಗೆ. ಹೋದ ವರ್ಷದ ಅರ್ಧಕ್ಕೂ ಕಡಿಮೆ. ಆದ್ರೆ ಈ ಸಲ ಯಾರಾದ್ರೂ "ಯಾರನ್ನ ಕೇಳಿ ನೆಟ್ರಿ?" ಅಂದ್ರೆ ತೋರಿಸೋಕೆ ನಮ್ಮ ಹತ್ರ ಕಾಗದ ಇದೆ.