28 ಮಣಿಗಳ ಸರ: ಒಂದು ಪಾಠ, ಮೂರು ತರಗತಿ

ಹತ್ತನೇ ತರಗತಿ ವಿಜ್ಞಾನದ ಸಂತಾನೋತ್ಪತ್ತಿ ಆರೋಗ್ಯದ ಭಾಗವನ್ನು ಪಾಠಾಭ್ಯಾಸದಲ್ಲಿ ನಾನು ಮೂರು ಬಾರಿ ಬೋಧಿಸಿದೆ. ಮೊದಲು ಹೊಳೆನರಸೀಪುರ, ಆಮೇಲೆ ಅರಕಲಗೂಡು, ಕೊನೆಗೆ ಚನ್ನರಾಯಪಟ್ಟಣ ತಾಲ್ಲೂಕಿನ ಶಾಲೆಯಲ್ಲಿ.

ಪೀಠಿಕೆಗೆ ಕೇಳಿದ್ದು, "ನಿಮ್ಮ ಮನೆಯವರು ಎಲ್ಲೆಲ್ಲಿ ಹುಟ್ಟಿದರು?" ತಾಲ್ಲೂಕು ಆಸ್ಪತ್ರೆ, ಹಾಸನದ ಹಿಮ್ಸ್, ಅಜ್ಜಿ ಮನೆ ಎಂಬ ಉತ್ತರಗಳು ಬಂದವು. ಒಬ್ಬ ಹುಡುಗ "ನಮ್ಮಪ್ಪ ರೆಡ್‌ಫರ್ನ್‌ನಲ್ಲಿ" ಎಂದ. ಹಾಸನದ ಆ ಆಸ್ಪತ್ರೆ ವೆಸ್ಲಿಯನ್ ಮಿಷನ್ ಕಟ್ಟಿದ್ದು, ಈಗ ಸಿಎಸ್‌ಐ ಆಡಳಿತದಲ್ಲಿದೆ. ಎಲ್ಲೋ ದೂರದವರು ಕೊಟ್ಟ ಹಣ ನಮ್ಮೂರ ಹೆರಿಗೆ ಕೋಣೆಗೆ ಬಂದದ್ದು ಹೀಗೆ ಎಂದು ಹೇಳಿ ರಾಮನಗರಕ್ಕೆ ದಾಟಿದೆ.

1930ರಲ್ಲಿ ಮೈಸೂರು ಸರ್ಕಾರ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳಿಗೆ ಮಂಜೂರಾತಿ ಕೊಟ್ಟಿತ್ತು. ಅದೇ ದಶಕದಲ್ಲಿ ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ರಾಮನಗರದಲ್ಲಿ ಆರೋಗ್ಯ ತರಬೇತಿ ಕೇಂದ್ರ ಬಂತು. 1952ರಿಂದ ವಿಶ್ವ ಆರೋಗ್ಯ ಸಂಸ್ಥೆ ಅದೇ ರಾಮನಗರದಲ್ಲಿ 'ಸುರಕ್ಷಿತ ದಿನ'ಗಳ ವಿಧಾನವನ್ನು ಪರೀಕ್ಷಿಸಿತು. ಅಮೆರಿಕದ ವೈದ್ಯ ಅಬ್ರಹಾಂ ಸ್ಟೋನ್ ಅದಕ್ಕೆ ಬಣ್ಣದ ಮಣಿಸರ ಬಳಸಿದರು: ದಿನಕ್ಕೊಂದು ಮಣಿ ಸರಿಸಬೇಕು, ಬಣ್ಣ ನೋಡಿ ತಿಳಿಯಬೇಕು. ಕಲಿಯುತ್ತೇವೆ ಎಂದ ಹೆಂಗಸರು ಬಹಳ, ಕೊನೆಯವರೆಗೂ ಪಾಲಿಸಿದವರು ಕೆಲವೇ ಮಂದಿ. ಸರ ಹಾಕಿಕೊಂಡರೆ ಸಾಕು ಎಂದುಕೊಂಡವರೂ ಇದ್ದರಂತೆ.

ನಾನೂ ಹಾಸನದ ಫ್ಯಾನ್ಸಿ ಸ್ಟೋರ್‌ನಲ್ಲಿ ಮಣಿ ಕೊಂಡು, ಗುಂಪಿಗೊಂದರಂತೆ 28 ಮಣಿಗಳ ಸರ ಕಟ್ಟಿದ್ದೆ. ಹೊಳೆನರಸೀಪುರದಲ್ಲಿ ಪಾಠ ಚೆನ್ನಾಗಿಯೇ ನಡೆಯಿತು, ಅವಲೋಕನ ಪುಸ್ತಕದಲ್ಲಿ 'ಬೋಧನೋಪಕರಣ ಉತ್ತಮ' ಎಂಬ ಮಾತೂ ಬಿತ್ತು. ಗಂಟೆ ಹೊಡೆದ ಮೇಲೆ ಒಬ್ಬ ಹುಡುಗಿ ನಲ್ಲಿಯ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಮಿಸ್, 28 ಆಗದಿದ್ರೆ ಕಾಯಿಲೇನಾ? ನಂಗೆ ಒಂದೊಂದ್ಸಲ 40 ಆಗುತ್ತೆ."

"ಏನೂ ಆಗಲ್ಲಮ್ಮ" ಎಂದೆ. ಅವಳು ಹೋಗದೆ ನಿಂತೇ ಇದ್ದಳು. ನನಗೆ ಮುಂದೆ ಹೇಳಲು ಗೊತ್ತಿರಲಿಲ್ಲ.

ಸಂಜೆ ಕೂತು ಓದಿದೆ. ಮುಟ್ಟು ಶುರುವಾದ ಮೊದಲ ವರ್ಷಗಳಲ್ಲಿ 21ರಿಂದ 45 ದಿನಗಳವರೆಗಿನ ಚಕ್ರ ಸಹಜ. ಮೂರು ತಿಂಗಳು ಬಾರದಿದ್ದರೆ, ಸ್ರಾವ ತೀರಾ ಹೆಚ್ಚಿದ್ದರೆ ವೈದ್ಯರ ಬಳಿ ಹೋಗಬೇಕು. ಆ ಹುಡುಗಿಯ ಲೆಕ್ಕದಲ್ಲಿ ತಪ್ಪಿರಲಿಲ್ಲ, ನನ್ನ ಸರದಲ್ಲಿತ್ತು. ರಾಮನಗರದ ಕಥೆಯನ್ನು ಅಷ್ಟು ಹೊತ್ತು ಹೇಳಿದ ನಾನೇ ಎಲ್ಲರ ಕೈಗೂ ಒಂದೇ ಅಳತೆ ಕೊಟ್ಟಿದ್ದೆ.

ಅರಕಲಗೂಡಿನಲ್ಲಿ ಬಿಡಿ ಮಣಿ, ದಾರ ಮತ್ತು ಒಂದು ಹಳೆಯ ಕ್ಯಾಲೆಂಡರ್ ಕೊಟ್ಟೆ. ಕಲ್ಪಿತ ಮಹಿಳೆಯೊಬ್ಬಳ ದಿನಾಂಕಗಳನ್ನು ಗುರುತಿಸಿ, ಅವಳ ಸರವನ್ನು ಕಟ್ಟಿ ಎಂದೆ. ಒಂದು ಗುಂಪಿಗೆ 26, 31, 29 ಬಂತು. "ಯಾವ ತಿಂಗಳ ಸರ ಕಟ್ಟೋದು ಮಿಸ್?" ಎಂದು ಜಗಳ ಶುರುವಾಯಿತು, ಹುಡುಗರೂ ಸೇರಿದರು. ಈ ವಿಧಾನವನ್ನು ಏಕೆ ನಂಬಲಾಗದು ಎಂಬುದನ್ನು ನಾನು ವಿವರಿಸಬೇಕಾಗಿಯೇ ಬರಲಿಲ್ಲ. ಹುಡುಗಿಯರನ್ನು ಬೇರೆ ಕೂರಿಸಿ ಎಂದು ಮಾರ್ಗದರ್ಶಕ ಶಿಕ್ಷಕರು ಹೇಳಿದ್ದರು. ಒಟ್ಟಿಗೇ ಕೂರಿಸಿದೆ, ಅದು ಸರಿಯಾಯಿತೆಂದೇ ಈಗಲೂ ನನ್ನ ಅಭಿಪ್ರಾಯ.

ಚನ್ನರಾಯಪಟ್ಟಣದಲ್ಲಿ ಹೆಸರು ಬರೆಯದೆ ಚೀಟಿ ಹಾಕಲು ಒಂದು ಡಬ್ಬಿ ಇಟ್ಟೆ. 'ಎಷ್ಟು ದಿನಕ್ಕೆ ಆಗಬೇಕು' ಎಂಬ ಪ್ರಶ್ನೆಯೇ ಹೆಚ್ಚು ಬಂತು. ಉತ್ತರವನ್ನು ಇಡೀ ತರಗತಿಗೆ ಓದಿ, ಸರ್ಕಾರಿ ಆಸ್ಪತ್ರೆಗಳ ಸ್ನೇಹ ಕ್ಲಿನಿಕ್ ಬಗ್ಗೆಯೂ ತಿಳಿಸಿದೆ.

ಹೊಳೆನರಸೀಪುರದ ಶಾಲೆಗೆ ಮತ್ತೆ ಹೋಗುವ ಅವಕಾಶ ನನಗಿರಲಿಲ್ಲ. ಅಲ್ಲಿನ ವಿಜ್ಞಾನ ಶಿಕ್ಷಕಿಗೆ ಫೋನ್ ಮಾಡಿ, ಯಾವ ಹುಡುಗಿ ಎಂದು ಹೇಳದೆ, 21ರಿಂದ 45ರ ವಿಷಯವನ್ನು ಇಡೀ ತರಗತಿಗೆ ತಿಳಿಸಲು ಕೇಳಿಕೊಂಡೆ. ಮರುದಿನವೇ ತಿಳಿಸಿದರಂತೆ.