ಭಾರ ಎಲ್ಲಿ ಕೂತಿದೆ ಎಂದು ಮೊದಲು ನೋಡಿ

ತಮ್ಮಂದಿರೇ, ತಂಗಿಯರೇ, ಗುರುತ್ವಾಕರ್ಷಣೆ ಎಂದರೆ ಹೈಸ್ಕೂಲಿನ ಪಾಠ, ಪರೀಕ್ಷೆ ಬರೆದ ಮೇಲೆ ಅದರ ಹಂಗಿಲ್ಲ ಎಂದು ನಮ್ಮ ಹಳಿಯಾಳದ ಕಡೆಯ ಹುಡುಗರು ತಿಳಿದಂತಿದೆ. ಕಬ್ಬು ಹೇರುವವರಿಗೆ, ಮರ ಹತ್ತುವವರಿಗೆ, ಘಟ್ಟ ಇಳಿಯುವವರಿಗೆ ದಿನವಿಡೀ ಅದರ ಜೊತೆಗೇ ವ್ಯವಹಾರ. ಭೂಮಿ ಎಲ್ಲವನ್ನೂ ತನ್ನ ನಡುವಿನತ್ತ ಸೆಳೆಯುತ್ತದೆ. ಕೈಬಿಟ್ಟ ವಸ್ತುವಿನ ವೇಗ ಒಂದೊಂದು ಸೆಕೆಂಡು ಕಳೆದಂತೆ ಸೆಕೆಂಡಿಗೆ ಇನ್ನೊಂದು 9.8 ಮೀಟರಿನಷ್ಟು ಏರುತ್ತದೆ. ಅದನ್ನು ತಿದ್ದುವುದು ನಮ್ಮ ಕೈಲಿಲ್ಲ. ಭಾರವನ್ನು ಎಲ್ಲಿ ಇಡಬೇಕು, ಎಷ್ಟು ಎತ್ತರಕ್ಕೆ ಏರಿಸಬೇಕು ಎಂಬುದಷ್ಟೇ ನಮ್ಮದು.

• ಕಬ್ಬಿನ ಹಂಗಾಮಿನಿಂದಲೇ ಶುರು ಮಾಡುತ್ತೇನೆ. ಕಾರ್ಖಾನೆಗೆ ಹೊರಟ ಟ್ರಾಲಿಯ ಮೇಲೆ ಇನ್ನೊಂದು ಸಾಲು ಕಬ್ಬು ಏರಿಸಿದಾಗ ಹೆಚ್ಚುವುದು ತೂಕ ಮಾತ್ರವಲ್ಲ, ಒಟ್ಟು ಭಾರದ ನಡುಬಿಂದು ಮೇಲಕ್ಕೆ ಹೋಗುತ್ತದೆ. ಆ ಬಿಂದುವಿನಿಂದ ಒಂದು ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟಿದ್ದೇವೆ ಎಂದುಕೊಳ್ಳಿ. ಗುಂಡು ಎಡಗಾಲಿ ಬಲಗಾಲಿಗಳ ನಡುವೆ ಇರುವವರೆಗೆ ಟ್ರಾಲಿ ನಿಲ್ಲುತ್ತದೆ, ಗಾಲಿಯಿಂದ ಹೊರಗೆ ಹೋಯಿತೋ ಮಗುಚುತ್ತದೆ. ಹೇರು ಗಿಡ್ಡವಿದ್ದರೆ ಒಂದು ಗಾಲಿ ರಸ್ತೆಯ ಅಂಚಿನಿಂದ ಕೆಳಗಿಳಿದರೂ ಗುಂಡು ಒಳಗೇ ಉಳಿಯುತ್ತದೆ. ಎತ್ತರವಿದ್ದರೆ ಅಷ್ಟೇ ಓರೆ ಸಾಕು, ಹೊರಗೆ. ಹೊಲದಿಂದ ಡಾಂಬರು ರಸ್ತೆಗೆ ಹತ್ತುವ ಜಾಗದಲ್ಲಿ ಎಷ್ಟು ಟ್ರಾಲಿ ಮಲಗಿರುತ್ತವೆ ನೋಡಿ, ಕಾರಣ ಇದೇ. ಎರಡೂ ಬದಿ ಸಮವಾಗಿ ಹೇರಿ, ತಿರುವಿನಲ್ಲಿ ನಿಧಾನಿಸಿ, ಹೇರಿನ ಮೇಲೆ ಯಾರನ್ನೂ ಕೂರಿಸಬೇಡಿ.

• ಎರಡು ಟ್ರಾಲಿ ಜೋಡಿಸಿಕೊಂಡು ಇಳಿಜಾರಿಗೆ ಬಂದರೆ ಟ್ರ್ಯಾಕ್ಟರು ಅವುಗಳನ್ನು ಎಳೆಯುವುದಿಲ್ಲ, ಅವೇ ಟ್ರ್ಯಾಕ್ಟರನ್ನು ದಬ್ಬುತ್ತವೆ. ಇಳಿಯಲು ಶುರು ಮಾಡುವ ಮೊದಲೇ ಸಣ್ಣ ಗೇರು ಹಾಕಿಕೊಳ್ಳಿ, ನಡುವೆ ಬದಲಿಸಬೇಡಿ. ನಿಲ್ಲಿಸಿದಾಗ ಗಾಲಿಗೆ ಕಲ್ಲು ಕೊಡಿ, ಹೊರಡುವಾಗ ಅದೇ ಕಲ್ಲನ್ನು ತೆಗೆದು ಬದಿಗೆ ಹಾಕಿ. ರಸ್ತೆ ನಡುವೆ ಬಿಟ್ಟುಹೋಗುವ ಬುದ್ಧಿವಂತರು ನಮ್ಮಲ್ಲಿ ಬಹಳ.

• ಹಳಿಯಾಳ ಕುಸ್ತಿಯ ಊರು. ತಾಲೀಮಿನಲ್ಲಿ ಹುಡುಗರಿಗೆ ಮೊದಲು ಹೇಳುವುದೇನು? ಕಾಲು ಅಗಲಿಸು, ಸೊಂಟ ಇಳಿಸು. ಟ್ರಾಲಿಯ ಲೆಕ್ಕವೇ ಇದು, ಭಾರದ ನಡುಬಿಂದು ಕೆಳಗೆ, ಬುಡ ಅಗಲ. ಎದುರಾಳಿ ನಿಮ್ಮ ಕಾಲನ್ನು ಎತ್ತಲು ನೋಡುವುದೂ ಆ ಬುಡವನ್ನು ಕಿರಿದು ಮಾಡಲಿಕ್ಕೇ. ಮಳೆಗಾಲದಲ್ಲಿ ಗದ್ದೆಯ ಬದುವಿನ ಮೇಲೆ, ಪಾಚಿ ಕಟ್ಟಿದ ಅಂಗಳದಲ್ಲಿ ನಡೆಯುವಾಗಲೂ ಮೊಣಕಾಲು ತುಸು ಬಾಗಿಸಿ ಸಣ್ಣ ಹೆಜ್ಜೆ ಇಡಿ. ನನ್ನ ವಯಸ್ಸಿನವರಿಗೆ ಈ ಮಾತು ಇನ್ನೂ ಹೆಚ್ಚು.

• ಭತ್ತದ ಚೀಲ ಎತ್ತುವಾಗ ಅದನ್ನು ಮೈಗೆ ಒತ್ತಿಕೊಳ್ಳಿ. ಕೈ ಚಾಚಿ, ಬೆನ್ನು ಬಗ್ಗಿಸಿ ಎತ್ತಿದರೆ ಚೀಲದ ತೂಕದ ಹಲವು ಪಟ್ಟು ಒತ್ತಡ ಸೊಂಟದ ಮೇಲೆ ಬೀಳುತ್ತದೆ. ತಲೆಯ ಮೇಲೆ ಸಿಂಬಿ ಇಟ್ಟು ಕೊಡ ಹೊರುವ ನಮ್ಮ ಹೆಣ್ಣುಮಕ್ಕಳು ಅಷ್ಟು ದೂರ ನೆಟ್ಟಗೆ ನಡೆದು ಬರುವುದು, ಭಾರ ನೇರವಾಗಿ ಪಾದದ ಮೇಲೆ ಇಳಿಯುವುದರಿಂದ.

• ಸುಮಾರು 20 ಮೀಟರ್ ಎತ್ತರದ ತೆಂಗಿನ ಮರದಿಂದ ಕಳಚಿದ ಕಾಯಿ ನೆಲ ಮುಟ್ಟಲು ಎರಡು ಸೆಕೆಂಡು ಸಾಕು. ಮುಟ್ಟುವಾಗ ಅದರ ವೇಗ ಗಂಟೆಗೆ 70 ಕಿಲೋಮೀಟರಿನಷ್ಟು. ಸದ್ದು ಕೇಳಿ ಓಡಲು ಸಮಯವಿಲ್ಲ. ತೊಟ್ಟಿಲು, ಬೈಕು, ಮಂಚ ಯಾವುದನ್ನೂ ಮರದ ಕೆಳಗೆ ಇಡಬೇಡಿ.

• ನಿಂತ ಬೈಕಿನಿಂದ ಉರುಳಿಬಿದ್ದರೂ ತಲೆ ನೆಲಕ್ಕೆ ತಾಗುವುದು ಗಂಟೆಗೆ 20 ಕಿಲೋಮೀಟರಿನ ಹತ್ತಿರದ ವೇಗದಲ್ಲಿ. ಸಂತೆಗೆ ತಾನೇ ಎಂದು ಹೆಲ್ಮೆಟ್ ಬಿಟ್ಟು ಹೋಗುವವರು ಇದನ್ನು ನೆನಪಿಡಿ.

• ಮನೆ ಮೇಲಿನ ಟ್ಯಾಂಕಿನ ನೀರು ನಲ್ಲಿಯಲ್ಲಿ ಜೋರಾಗಿ ಬರುತ್ತಿಲ್ಲವೆಂದು ಇನ್ನೂ ದೊಡ್ಡ ಟ್ಯಾಂಕು ತಂದಿಡಬೇಡಿ. ಒತ್ತಡ ಹುಟ್ಟುವುದು ನೀರಿನ ಪ್ರಮಾಣದಿಂದಲ್ಲ, ಎತ್ತರದಿಂದ. ನಲ್ಲಿಗಿಂತ 10 ಮೀಟರ್ ಮೇಲಿದ್ದರೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಒತ್ತಡ, 3 ಮೀಟರ್ ಮೇಲಿದ್ದರೆ ಅದರ ಮೂರನೇ ಒಂದು ಪಾಲಿಗೂ ಕಡಿಮೆ. ಟ್ಯಾಂಕು ಸಾವಿರ ಲೀಟರಿನದಾಗಲಿ ಐದು ಸಾವಿರದ್ದಾಗಲಿ, ಈ ಲೆಕ್ಕ ಬದಲಾಗದು. ಇನ್ನು ಸಾವಿರ ಲೀಟರ್ ಎಂದರೆ ಒಂದು ಟನ್. ಅದನ್ನು ಸ್ಲ್ಯಾಬಿನ ನಟ್ಟನಡುವೆ ಅಲ್ಲ, ಕೆಳಗೆ ಗೋಡೆ ಅಥವಾ ಕಂಬ ಇರುವ ಕಡೆ ಇಡಿಸಿ. ಗೌಂಡಿಯನ್ನು ಕೇಳಿ ಇಡಿಸಿದರೆ ಇನ್ನೂ ಒಳ್ಳೆಯದು.

• ಕಪಾಟಿನಲ್ಲಿ ಭಾರದ ಸಾಮಾನು ಕೆಳಗಿನ ಅರೆಗೆ. ಮಕ್ಕಳು ಹಿಡಿದು ಹತ್ತುವ ಮನೆಯಾದರೆ ಕಪಾಟನ್ನು ಗೋಡೆಗೆ ಬಿಗಿಯಿರಿ.

• ಭತ್ತ ತೂರುವಾಗ ಕಾಳು ಕಾಲಬುಡಕ್ಕೆ, ಹೊಟ್ಟು ಆಚೆಗೆ ಬೀಳುವುದನ್ನು ಕಂಡು, ಭಾರದ್ದನ್ನು ಭೂಮಿ ಬೇಗ ಕೆಳಗಿಳಿಸುತ್ತದೆ ಎನ್ನುವವರಿದ್ದಾರೆ. ವ್ಯತ್ಯಾಸ ಮಾಡುವುದು ಗಾಳಿ. 1971ರಲ್ಲಿ ಅಪೊಲೊ 15ರ ಗಗನಯಾತ್ರಿ ಡೇವಿಡ್ ಸ್ಕಾಟ್ ಗಾಳಿಯಿಲ್ಲದ ಚಂದ್ರನ ಮೇಲೆ ಸುತ್ತಿಗೆಯನ್ನೂ ಹಕ್ಕಿಯ ಗರಿಯನ್ನೂ ಒಟ್ಟಿಗೆ ಕೈಬಿಟ್ಟರು, ಎರಡೂ ಒಟ್ಟಿಗೇ ನೆಲ ಮುಟ್ಟಿದವು. ಅಂದರೆ ಚಂದ್ರನ ಮೇಲೆ ಭತ್ತ ತೂರಲಾಗದು. ಇಲ್ಲಿ ಗಾಳಿ ನೋಡಿಕೊಂಡು ತೂರಿ.

• ಜೋಯಿಡಾ ತಾಲೂಕಿನ ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಇದೆ. ಹಳೆಯ ಸೂಪಾ ಊರು ಮುಳುಗಿರುವುದು ಅದರ ನೀರಿನಲ್ಲೇ. ಕಾಳಿ ನದಿಯ ಒಂದೇ ನೀರು ಸೂಪಾ, ನಾಗಝರಿ, ಕೊಡಸಳ್ಳಿ, ಕದ್ರಾ ಎಂದು ನಾಲ್ಕು ಕಡೆ ಇಳಿದು, ಇಳಿದಷ್ಟೂ ಸಲ ಕರೆಂಟು ಕೊಡುತ್ತದೆ. ನೂರು ಮೀಟರ್ ಇಳಿಯುವ ನೀರಿನಿಂದ ಒಂದು ಯೂನಿಟ್ ತೆಗೆಯಲು ಸುಮಾರು ನಾಲ್ಕು ಸಾವಿರ ಲೀಟರ್ ಬೇಕು. ಸುಮ್ಮನೆ ತಿರುಗುವ ಫ್ಯಾನು ಆರಿಸಿ ಎಂದು ಹಿರಿಯರು ಗೊಣಗಿದರೆ ಬೇಸರ ಮಾಡಿಕೊಳ್ಳಬೇಡಿ. ದಾಂಡೇಲಿಗೆ ಬರುವ ನೆಂಟರಿಗೂ ಒಂದು ಮಾತು ಹೇಳಿ: ಅಣೆಕಟ್ಟಿನಿಂದ ನೀರು ಬಿಟ್ಟಾಗ ಮಳೆಯಿಲ್ಲದ ಬಿಸಿಲಿನಲ್ಲೂ ಹೊಳೆ ಏರುತ್ತದೆ. ನಡುಬಂಡೆಯ ಮೇಲೆ ಕೂತು ಫೋಟೊ ತೆಗೆಯುವುದು ಬೇಡ.

• ಮಳೆಗಾಲದಲ್ಲಿ ಅಣಶಿ ಘಟ್ಟದ ಗುಡ್ಡ ಜಾರುವುದಕ್ಕೂ ಭೂಮಿಯ ಇದೇ ಸೆಳೆತ ಕಾರಣ. ಮಣ್ಣು ನೀರು ಕುಡಿದಾಗ ತೂಕ ಏರುತ್ತದೆ, ಕಣಗಳ ನಡುವಿನ ಹಿಡಿತ ಸಡಿಲವಾಗುತ್ತದೆ. ಇಳಿಜಾರಿನ ಬುಡ ಕಡಿದು ಮನೆ ಕಟ್ಟಬೇಡಿ. ಜೋರು ಮಳೆಯಲ್ಲಿ ಧರೆಯ ಕೆಳಗೆ ಗಾಡಿ ನಿಲ್ಲಿಸಿ ಚಹಾ ಕುಡಿಯಬೇಡಿ.

• ಘಟ್ಟ ಇಳಿಯುವಾಗ ಡೀಸೆಲ್ ಉಳಿಸುವ ಆಸೆಗೆ ನ್ಯೂಟ್ರಲ್ ಹಾಕಬೇಡಿ. ಆಗ ಇಡೀ ಗಾಡಿಯ ಭಾರವನ್ನು ಬ್ರೇಕ್ ಒಂದೇ ತಡೆಯಬೇಕು, ಅದು ಕಾದಷ್ಟೂ ಹಿಡಿತ ಹೋಗುತ್ತದೆ. ಹತ್ತುವ ಗೇರಿನಲ್ಲೇ ಇಳಿಯಿರಿ. ಈಗಿನ ಇಂಜಿನ್ನುಗಳಲ್ಲಿ ಗೇರು ಹಾಕಿಟ್ಟು ಆಕ್ಸಿಲರೇಟರ್ ಬಿಟ್ಟು ಇಳಿದರೆ ಡೀಸೆಲ್ ಹೋಗುವುದು ಬಹುತೇಕ ನಿಲ್ಲುತ್ತದೆ, ಡೀಸೆಲ್ ಉರಿಯುವುದು ನ್ಯೂಟ್ರಲ್‌ನಲ್ಲೇ.